ಆರನೇ ಕ್ಲಾಸಿಗೆ ಬೀದಿಯ ಸರ್ಕಾರಿ ಶಾಲೆ ಆದೀತೇ?

ಪ್ರಶ್ನೆ: ಮಗಳು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಸುತ್ತಿದ್ದಾಳೆ. ಫೀಸು, ವ್ಯಾನಿನ ದುಡ್ಡು ಹೊಂದಿಸಿ ಸಾಕಾಗಿದೆ. ಹಿಂದಿನ ಬೀದಿಯಲ್ಲೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. ನನಗೆ ಮನಸ್ಸಿದೆ, ಅತ್ತೆ ಮತ್ತು ಯಜಮಾನರಿಗೆ ‘ಜನ ಏನಂದಾರು’ ಎಂಬ ಅಳುಕು. ಫೀಸು ಬಾಕಿ ಇರುವುದರಿಂದ ಈಗಿನ ಶಾಲೆಯವರು ಟಿ.ಸಿ. ಕೊಡುವುದಿಲ್ಲ ಎನ್ನುತ್ತಾರೆ.
– ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಜನರ ಮಾತು ಹಾಗಿರಲಿ, ಮೊದಲು ಯಜಮಾನರನ್ನೂ ಕರೆದುಕೊಂಡು ಶಾಲೆ ನಡೆಯುವ ದಿನವೇ ಅಲ್ಲಿಗೆ ಹೋಗಿ ಬನ್ನಿ. ಕಟ್ಟಡದ ಬಣ್ಣ ನೋಡಬೇಡಿ, ಮೇಷ್ಟ್ರು ಎಷ್ಟು ಜನ ಎಂದು ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ಗಣಿತ–ವಿಜ್ಞಾನಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಇರಲೇಬೇಕು. 35 ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಬೇಕು. ಹುದ್ದೆ ಖಾಲಿ ಇದ್ದರೆ ಅತಿಥಿ ಶಿಕ್ಷಕರು ಬರುತ್ತಾರೆ. ಹೋದ ವರ್ಷ ಅವರು ಯಾವ ತಿಂಗಳು ಬಂದರು ಎಂದು ಬಿಡದೆ ಕೇಳಿ. ಜೂನ್‌ನಲ್ಲೇ ಬಂದಿದ್ದರೆ ಸರಿ. ದಸರಾ ರಜೆ ಕಳೆದ ಮೇಲೆ ಬಂದಿದ್ದರೆ ಮಕ್ಕಳಿಗೆ ಅರ್ಧ ವರ್ಷದ ಲೆಕ್ಕವೇ ತಪ್ಪಿತು.

ಆಮೇಲೆ ಆರನೆಯವರ ಗಣಿತದ ನೋಟ್‌ಬುಕ್ ಒಂದೆರಡು ತಿರುವಿ ನೋಡಿ. ಪುಟದ ತುಂಬ ಬರೀ ಕೆಂಪು ಟಿಕ್ಕೋ, ಇಲ್ಲಾ ತಪ್ಪಿದ ಲೆಕ್ಕವನ್ನು ಮಗುವಿನ ಕೈಯಲ್ಲಿ ಮತ್ತೆ ಮಾಡಿಸಿದ್ದಾರೋ? ಹೀಗೆ ಮಾಡಿಸುವ ಮೇಷ್ಟ್ರು ಒಬ್ಬರಿದ್ದರೆ ನಾನಾದರೆ ಕಣ್ಣುಮುಚ್ಚಿ ಸೇರಿಸುತ್ತೇನೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕ ಇದೆಯೇ ಎಂಬುದನ್ನು ನೀವೇ ಒಳಗೆ ಹೋಗಿ ನೋಡಬೇಕು. ಆರು–ಏಳನೇ ಕ್ಲಾಸಿನ ಹುಡುಗಿ ಇದೊಂದು ಕಾರಣಕ್ಕೇ ಶಾಲೆ ತಪ್ಪಿಸಿಬಿಡುತ್ತಾಳೆ.

ಮಾಧ್ಯಮದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಇಷ್ಟು ವರ್ಷ ‘ಫ್ರಾಕ್ಷನ್’ ಎಂದು ಕಲಿತವಳಿಗೆ ಏಕಾಏಕಿ ‘ಭಿನ್ನರಾಶಿ’ ಎಂದರೆ ಮೊದಲ ಕೆಲವು ತಿಂಗಳು ಕಷ್ಟವೇ, ಮನೆಯಲ್ಲಿ ಜೊತೆಗೆ ಕೂರಬೇಕು. 2019–20ರಿಂದ ಹಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಶುರುವಾಗಿವೆ, ನಿಮ್ಮಲ್ಲಿ ಆರನೆಗೆ ಇದೆಯೇ ವಿಚಾರಿಸಿ. ಶಾಲೆ ಏಳಕ್ಕೆ ಮುಗಿಯುತ್ತದೆಯೋ ಎಂಟಕ್ಕೋ ಎಂಬುದೂ ಗೊತ್ತಿರಲಿ. ಏಳಕ್ಕೇ ಮುಗಿದರೆ ಎರಡು ವರ್ಷಕ್ಕೆ ಮತ್ತೆ ಶಾಲೆ ಬದಲಾಯಿಸಬೇಕು; ಆಗ ಹತ್ತಿರದ ಹೈಸ್ಕೂಲು ಯಾವುದು ಎಂದು ಈಗಲೇ ಯೋಚಿಸಿ.

ಟಿ.ಸಿ. ಬಗ್ಗೆ ಹೆದರಬೇಡಿ. ಅದು ತಡವಾಯಿತೆಂದು ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ, ಇದು ಅದೇ ಕಾಯ್ದೆಯ 5ನೇ ಸೆಕ್ಷನ್. ಮುಖ್ಯ ಶಿಕ್ಷಕರು ಹಿಂದೇಟು ಹಾಕಿದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಬರಹದಲ್ಲಿ ದೂರು ಕೊಡಿ. ದಾಖಲಾದ ಮೇಲೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ತಪ್ಪದೆ ಹೋಗಿ. ಅತಿಥಿ ಶಿಕ್ಷಕರು ಬೇಗ ಬರಬೇಕೆಂದು ಬೆನ್ನು ಹತ್ತುವವರು ಅಪ್ಪ–ಅಮ್ಮಂದಿರೇ ಆಗಬೇಕು.

ಪ್ರಶ್ನೆ: ಮಗ ನಮ್ಮೂರ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು. ಓದಿನಲ್ಲಿ ಚುರುಕು, ಮೇಷ್ಟ್ರೂ ಒಳ್ಳೆಯವರು. ಆದರೂ ಇಂಗ್ಲಿಷಿಗಾಗಿ ಆರನೆಯಿಂದ ಪೇಟೆಯ ಶಾಲೆಗೆ ಹಾಕೋಣವೆಂದಿದ್ದೇವೆ.
– ಒಬ್ಬ ರೈತ, ಶಿರಾ ತಾಲ್ಲೂಕು

ಉತ್ತರ: ಈಗ ಬೇಡ ಸ್ವಾಮಿ. ನೀವೇ ಒಳ್ಳೆಯವರು ಎನ್ನುವ ಮೇಷ್ಟ್ರನ್ನು ಬಿಟ್ಟು ಹೋಗಿ ಪೇಟೆಯಲ್ಲಿ ಏನು ಸಿಗುತ್ತದೋ ಯಾರಿಗೆ ಗೊತ್ತು? ದಿನಾ ಬಸ್ಸಿಗೆ ಕಳೆಯುವ ಹೊತ್ತಿನಲ್ಲಿ ಅವನು ಮನೆಯಲ್ಲೇ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದಲಿ. ಇನ್ನೊಂದು ಮಾತು. ಮುಂದೆ ವೃತ್ತಿಪರ ಕೋರ್ಸುಗಳಿಗೆ ಸೇರಲು ಬರೆಯುವ ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಮೀಸಲಿದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹಾಗೇ ಓದಿರಬೇಕು. ಪೇಟೆಯ ಇಂಗ್ಲಿಷ್ ಶಾಲೆಗೆ ಹೋದರೆ ಎರಡೂ ಕೈತಪ್ಪುತ್ತವೆ. ಎಂಟನೆಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಬರೆಸಿ. ಅದು ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು, ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೇಷ್ಟ್ರಲ್ಲೇ ಕೇಳಿ, ಏಳನೆಯಿಂದಲೇ ಬಿಡಿಸಲು ಶುರುಮಾಡಲಿ.