ನಾಲ್ಕು ಅಂಶಗಳ ತೂಕ

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳ ಸುದ್ದಿಯನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಒಬ್ಬನು ಸೂತ್ರಧಾರ, ಉಳಿದವರು ಒಂದೊಂದು ಪಾತ್ರವನ್ನು ವಹಿಸಿದವರು. ಪಾತ್ರವು ಏನು ಮಾಡಬಯಸುತ್ತದೆಂಬುದನ್ನು ಆಟಗಾರನು ಹೇಳುತ್ತಾನೆ. ಅದು ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳವು ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಜಾತಿಯ ಆಟಗಳಿಗೆ ಮೂಲವೆನ್ನಬಹುದು. 1988ರಲ್ಲಿ ಮೈಕ್ ಪಾಂಡ್‌ಸ್ಮಿತ್ ಎಂಬುವರು ‘ಸೈಬರ್‌ಪಂಕ್’ ಎಂಬ ಆಟವನ್ನು ಹೊರತಂದರು. ಅದರಲ್ಲಿ ಮಾಂತ್ರಿಕರಿಲ್ಲ, ರಾಕ್ಷಸರಿಲ್ಲ. ನೈಟ್ ಸಿಟಿ ಎಂಬ ಕಲ್ಪಿತ ನಗರ, ದೈತ್ಯ ಕಂಪನಿಗಳು, ಮೈಯೊಳಗೆ ಯಂತ್ರಗಳನ್ನು ಕೂಡಿಸಿಕೊಂಡ ಮನುಷ್ಯರು, ಇಷ್ಟೇ. ಅದರ ಪರಿಷ್ಕೃತ ರೂಪವಾದ ‘ಸೈಬರ್‌ಪಂಕ್ ರೆಡ್’ 2020ರಲ್ಲಿ ಪ್ರಕಟವಾಯಿತು. ನಾವು ಇಲ್ಲಿ ವಿಚಾರಮಾಡುವುದು ಈ ರೂಪವನ್ನೇ.

ಆಡುತ್ತ ಆಡುತ್ತ ಗ್ರಂಥದಲ್ಲಿಲ್ಲದ ಹೊಸ ಶಕ್ತಿಗಳನ್ನು ತಮ್ಮ ಪಾತ್ರಗಳಿಗೆ ತಾವೇ ಕಟ್ಟಿಕೊಳ್ಳುವ ಆಸೆ ಆಟಗಾರರಿಗೆ ಹುಟ್ಟುವುದು ಸಹಜ. ಇಂಥ ಮನೆಗಟ್ಟಿನ ಶಕ್ತಿಯನ್ನು ತೂಗುವುದು ಹೇಗೆ? ಈ ಪ್ರಶ್ನೆ ನಮ್ಮ ತಲೆಯನ್ನು ಹೊಕ್ಕದ್ದು ನಮ್ಮದೇ ಒಂದು ಪ್ರಮಾದದಿಂದ.

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ನಾಲ್ವರು ಸೇರಿ ಆಡುವ ವಾಡಿಕೆಯುಂಟು, ಸೂತ್ರಧಾರರು ನಾವು. ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಪಾತ್ರದ ಕಣ್ಣಿಗೆ ಒಂದು ಹೊಸ ಯಂತ್ರವನ್ನು ಕಲ್ಪಿಸಿಕೊಂಡು ಬಂದನು. ಅದು ಶತ್ರುವಿನ ದುರ್ಬಲ ಸ್ಥಾನವನ್ನು ತೋರಿಸುತ್ತದೆ. ಆದಕಾರಣ ತಾಗಿದ ಪ್ರತಿಯೊಂದು ಗುಂಡಿನ ಪೆಟ್ಟಿಗೂ 4 ಅಂಶಗಳನ್ನು ಕೂಡಬೇಕು. “ನಾಲ್ಕೇ ಅಂಶ ಸಾರ್, ಅದರಿಂದ ಏನು ಮಹಾ ಆಗಿಬಿಡುತ್ತೆ?” ಎಂದನು. ಭಾರಿ ಪಿಸ್ತೂಲಿನ ಪೆಟ್ಟನ್ನು ಆರು ಮುಖದ ಮೂರು ದಾಳಗಳು ನಿರ್ಣಯಿಸುತ್ತವೆ. ಅವುಗಳ ಸರಾಸರಿ ಮೊತ್ತ 10.5. ಅದಕ್ಕೆ 4 ಕೂಡಿದರೆ 14.5. ಶೇಕಡಾ 38ರಷ್ಟು ಹೆಚ್ಚಳವೆಂದು ಮನಸ್ಸಿನಲ್ಲೇ ಎಣಿಸಿ ನಾವು ಒಪ್ಪಿಬಿಟ್ಟೆವು. ಭೌತಶಾಸ್ತ್ರವನ್ನು ಬೋಧಿಸುವವರು ಮಾಡಬಾರದ ತಪ್ಪು ಅದು!

ಏಕೆಂದರೆ ಶತ್ರುವು ಕವಚವನ್ನು ತೊಟ್ಟಿರುತ್ತಾನೆ. ಈ ಆಟದಲ್ಲಿ ಕವಚಕ್ಕೊಂದು ಅಂಕವಿದೆ; ಸಾಮಾನ್ಯವಾದ ಲೈಟ್ ಆರ್ಮರ್‌ಜ್ಯಾಕಿಗೆ 11. ಪೆಟ್ಟಿನಿಂದ 11ನ್ನು ಕಳೆದು ಉಳಿದದ್ದು ಮಾತ್ರ ದೇಹಕ್ಕೆ ತಾಗುತ್ತದೆ. ಪೆಟ್ಟು 11ನ್ನು ಮೀರದಿದ್ದರೆ ಏನೂ ತಾಗದು. ದ್ಯುತಿವಿದ್ಯುತ್ ಪರಿಣಾಮವನ್ನು ಓದಿದವರಿಗೆ ಇದು ಪರಿಚಿತವಾದ ಸಂಗತಿ. ಸೋಡಿಯಂ ಲೋಹದಿಂದ ಒಂದು ಎಲೆಕ್ಟ್ರಾನನ್ನು ಕೀಳಲು ಸುಮಾರು 2.3 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಕೆಂಪು ಬೆಳಕಿನ ಒಂದು ಕಣದಲ್ಲಿರುವುದು ಸುಮಾರು 1.8. ಅಂಥ ಕಣಗಳನ್ನು ಮಳೆಯಂತೆ ಸುರಿಸಿದರೂ ಎಲೆಕ್ಟ್ರಾನು ಹೊರಬಾರದು. ಹೊಸ್ತಿಲನ್ನು ದಾಟಿಸುವ ಅಲ್ಪವಾದ ಹೆಚ್ಚಳವೇ ಅಲ್ಲಿ ಸರ್ವಸ್ವ. ಹೊಸ್ತಿಲಿರುವೆಡೆಯಲ್ಲಿ ಸರಾಸರಿಯನ್ನು ಮೊದಲು ತೆಗೆದು ಆಮೇಲೆ ಕಳೆಯುವುದು ಸಲ್ಲದು. ಪ್ರತಿಯೊಂದು ಮೊತ್ತದಿಂದಲೂ ಮೊದಲು ಕಳೆದು, ಆಮೇಲೆ ಸರಾಸರಿಯನ್ನು ತೆಗೆಯಬೇಕು.

ಹಾಗೆಯೇ ಮಾಡೋಣ. ಮೂರು ದಾಳಗಳು ಬೀಳುವ ರೀತಿಗಳು ಒಟ್ಟು 216. ಇವುಗಳಲ್ಲಿ 12 ಬೀಳುವುದು 25 ರೀತಿಗಳಲ್ಲಿ, 13 ಬೀಳುವುದು 21ರಲ್ಲಿ, 14 ಬೀಳುವುದು 15ರಲ್ಲಿ. ಮುಂದೆ 10, 6, 3, ಕೊನೆಗೆ 18 ಬೀಳುವುದು ಒಂದೇ ರೀತಿಯಲ್ಲಿ. 12 ಬಿದ್ದರೆ 1 ಅಂಶ ದೇಹಕ್ಕೆ ತಾಗುತ್ತದೆ, 13 ಬಿದ್ದರೆ 2, ಹೀಗೆ ಗುಣಿಸಿ ಕೂಡಿದರೆ 207. ಇದನ್ನು 216ರಿಂದ ಭಾಗಿಸಿದರೆ 0.96. ಅಂದರೆ ಸಾಧಾರಣ ಆಟಗಾರನ ತಾಗಿದ ಗುಂಡೊಂದಕ್ಕೆ ಸರಾಸರಿ ಒಂದಂಶವೂ ಪೂರ್ತಿ ದಕ್ಕುವುದಿಲ್ಲ. 4 ಅಂಶಗಳ ಯಂತ್ರವುಳ್ಳವನಿಗಾದರೋ 11ರ ಕವಚವು 7ರ ಕವಚವಿದ್ದಂತೆ. ಅದೇ ಕ್ರಮದಲ್ಲಿ ಲೆಕ್ಕಮಾಡಿದರೆ ಅವನಿಗೆ ದಕ್ಕುವುದು 3.66. ಶೇಕಡಾ 38 ಎಂದು ನಾವು ಎಣಿಸಿದ್ದು ನಿಜದಲ್ಲಿ 3.8 ಪಟ್ಟು!

ಈ ಲೆಕ್ಕವನ್ನು ಆಗ ಮಾಡದೆ ನಾವು ಎರಡನೆಯ ತಪ್ಪಿಗೆ ಕೈಹಾಕಿದೆವು. ಶತ್ರುಗಳು ತರಗೆಲೆಗಳಂತೆ ಉದುರುವುದನ್ನು ಕಂಡು, ಮರುವಾರ ಅವರೆಲ್ಲರಿಗೂ 15ರ ಕವಚವನ್ನು ತೊಡಿಸಿದೆವು. ಯಂತ್ರವುಳ್ಳವನಿಗೆ ಈಗ ದಕ್ಕುವುದು 0.96, ಮೊದಲು ಎಲ್ಲರಿಗೂ ದಕ್ಕುತ್ತಿದ್ದಷ್ಟೇ. ಸರಿಹೋಯಿತೆಂದು ತೋರೀತು. ಆದರೆ ಉಳಿದವರ ಪಾಡೇನು? ಅವರಿಗೆ 0.07. ತಾಗಿದ 216 ಗುಂಡುಗಳಲ್ಲಿ ಸುಮಾರು 10 ಮಾತ್ರ ಕವಚವನ್ನು ತೂರಿಯಾವು. ಬ್ಯಾಂಕಿನಲ್ಲಿ ಕೆಲಸಮಾಡುವ ನಮ್ಮ ಗೆಳೆಯರೊಬ್ಬರು ಮೀಡಿಯಾ ಪಾತ್ರವನ್ನು, ಎಂದರೆ ಪತ್ರಕರ್ತನ ಪಾತ್ರವನ್ನು, ವಹಿಸಿದ್ದರು. ಆ ಸಂಜೆ ಅವರ ಎಂಟು ಗುಂಡುಗಳು ತಾಗಿದವು. ಒಂದೂ ಕವಚವನ್ನು ದಾಟಲಿಲ್ಲ. ಅವರು ಏನೂ ಅನ್ನಲಿಲ್ಲ. ಕಾಫಿ ಕುಡಿದು ಹೊರಟರು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಹದಿನೈದು ವರ್ಷಗಳ ಸ್ನೇಹ. ಆಟದ ಸಲುವಾಗಿ ಕಳೆದುಕೊಳ್ಳತಕ್ಕದ್ದಲ್ಲ. ಆಗ ನಾವು ಕಾಗದವನ್ನೂ ಪೆನ್ಸಿಲನ್ನೂ ಹಿಡಿದು ಕುಳಿತೆವು.

ಗ್ರಂಥವನ್ನು ತಿರುಗಿ ನೋಡಿದಾಗ ಇಂಥದೇ ಶಕ್ತಿಯೊಂದು ಅದರಲ್ಲೇ ಇರುವುದು ತಿಳಿಯಿತು. ಸೋಲೋ ಎಂಬ ಯೋಧಪಾತ್ರವು ತನ್ನ ದರ್ಜೆಯಷ್ಟು ಅಂಶಗಳನ್ನು ಹಲವು ಸಾಮರ್ಥ್ಯಗಳಲ್ಲಿ ಹಂಚಬಹುದು. ಪೆಟ್ಟನ್ನು ಹೆಚ್ಚಿಸುವುದು ಅವುಗಳಲ್ಲಿ ಒಂದು. ಆದರೆ ಆ ಹೆಚ್ಚಳವು ಒಂದು ಸುತ್ತಿನಲ್ಲಿ ಮೊದಲು ತಾಗಿದ ಏಟಿಗೆ ಮಾತ್ರ. ಭಾರಿ ಪಿಸ್ತೂಲು ಸುತ್ತಿಗೆ ಎರಡು ಗುಂಡುಗಳನ್ನು ಹಾರಿಸುತ್ತದೆ. ಎರಡೂ ತಾಗಿದವೆಂದು ಇಟ್ಟುಕೊಂಡರೆ, ಸಾಧಾರಣನಿಗೆ 1.92, ನಮ್ಮ ವಿದ್ಯಾರ್ಥಿಗೆ 7.32, ಸೋಲೋವಿಗೆ 4.62. ಇಷ್ಟಕ್ಕೂ ಸೋಲೋ ತನ್ನ ನಾಲ್ಕಂಶಗಳನ್ನೂ ಅದರಲ್ಲೇ ತೊಡಗಿಸಿ ಉಳಿದ ಸಾಮರ್ಥ್ಯಗಳನ್ನು ತ್ಯಜಿಸಿರಬೇಕು. ಗುರಿಯ ಹೆಚ್ಚಳಕ್ಕೆ ಅದೇ ಗ್ರಂಥವು ಅಂಶವೊಂದಕ್ಕೆ ಮೂರರ ಬೆಲೆಯನ್ನು ಕೇಳುತ್ತದೆ. ಅದೂ ಯುಕ್ತವೇ: ಹತ್ತು ಮುಖದ ದಾಳದಲ್ಲಿ 10 ಬಿದ್ದರೆ ಮಾತ್ರ ಗುರಿ ಮುಟ್ಟುವವನಿಗೆ ಒಂದಂಶವನ್ನು ಕೊಟ್ಟರೆ ಅವನ ಸಂಭವ ಇಮ್ಮಡಿಯಾಗುತ್ತದೆ, 7 ಅಥವಾ ಹೆಚ್ಚು ಬೇಕಾದವನಿಗೆ ಕಾಲುಭಾಗ ಮಾತ್ರ ಹೆಚ್ಚುತ್ತದೆ.

ಇನ್ನು ಬೆಲೆಯ ಮಾತು. ಈ ಆಟದಲ್ಲಿ ದೇಹಕ್ಕೆ ಕೂಡಿಸಿಕೊಂಡ ಯಂತ್ರಕ್ಕೆ ಹಣವಲ್ಲದೆ ‘ಹ್ಯುಮ್ಯಾನಿಟಿ’ಯನ್ನೂ, ಎಂದರೆ ಮನುಷ್ಯತ್ವವನ್ನೂ, ತೆರಬೇಕು. ಅದರಲ್ಲಿ ಹತ್ತು ಕಳೆದರೆ ಸಹಾನುಭೂತಿಯ ಗುಣದಲ್ಲಿ ಒಂದು ಕಳೆಯುತ್ತದೆ. ಚುರುಕು ಹೆಚ್ಚಿಸುವ ಎರಡು ಯಂತ್ರಗಳ ಬೆಲೆಯನ್ನು ನೋಡಿ: ಬೇಕಾದಾಗ ಚಾಲೂ ಮಾಡಬೇಕಾದ ಸ್ಯಾಂಡೆವಿಸ್ಟಾನ್ 3 ಅಂಶ ಕೊಟ್ಟು 7 ಹ್ಯುಮ್ಯಾನಿಟಿಯನ್ನು ಕೇಳುತ್ತದೆ, ಸದಾ ಎಚ್ಚರವಾಗಿರುವ ಕೆರೆಂಝಿಕೋವ್ 2 ಅಂಶ ಕೊಟ್ಟು 14ನ್ನು ಕೇಳುತ್ತದೆ. ನಿರಂತರವಾದದ್ದು ಕಡಿಮೆ ಕೊಟ್ಟರೂ ದುಬಾರಿ. ನಮ್ಮ ವಿದ್ಯಾರ್ಥಿಯೂ 7ನ್ನು ತೆರಲು ಒಪ್ಪಿದ್ದನು. ಆದರೆ ಯಾರೊಡನೆಯೂ ಮಾತನ್ನೇ ಆಡದೆ ಗುಂಡು ಹಾರಿಸುವ ಪಾತ್ರಕ್ಕೆ ಸಹಾನುಭೂತಿ ಏತಕ್ಕೆ? ತಾನು ಬಳಸದ ಸೊತ್ತನ್ನು ಮಾರಿದವನು ನಿಜವಾಗಿ ಏನನ್ನೂ ತೆತ್ತಂತಾಗಲಿಲ್ಲ. ಈ ಸೂಕ್ಷ್ಮವನ್ನು ಯಾವ ಸಂಭಾವ್ಯತೆಯ ಲೆಕ್ಕವೂ ತೋರಿಸಿಕೊಡದು. ಮೇಜಿನ ಸುತ್ತ ಯಾರು ಹೇಗೆ ಆಡುತ್ತಾರೆಂಬುದನ್ನು ಸೂತ್ರಧಾರನೇ ಬಲ್ಲವನಾಗಿರಬೇಕು.

ಕೊನೆಗೆ ಆ ಯಂತ್ರವನ್ನು ಹೀಗೆ ತಿದ್ದಿದೆವು. ಹೆಚ್ಚಳ 4 ಅಲ್ಲ, 2. ಅದೂ ಸುತ್ತಿನಲ್ಲಿ ಮೊದಲು ತಾಗಿದ ಗುಂಡಿಗೆ ಮಾತ್ರ. ಎರಡು ಗುಂಡುಗಳಿಗೆ ಇದರ ಫಲ 3.04, ಸಾಧಾರಣನ ಒಂದೂವರೆ ಪಟ್ಟಿಗಿಂತ ತುಸು ಮೇಲೆ. ಇದಲ್ಲದೆ ಶತ್ರುವಿನ ವಿಷಯವನ್ನು ಬೇರೊಬ್ಬ ಆಟಗಾರನು ಮೊದಲೇ ಶೋಧಿಸಿ ತಿಳಿಸಿದ್ದರೆ ಮಾತ್ರ ಯಂತ್ರವು ಕೆಲಸಮಾಡುತ್ತದೆ. ಸುದ್ದಿಯನ್ನು ಕಲೆಹಾಕುವುದು ಪತ್ರಕರ್ತನ ಕಸುಬಷ್ಟೆ! ವಿದ್ಯಾರ್ಥಿಯು ಮುಖ ಸಪ್ಪಗೆ ಮಾಡಿದನು. ಆದರೂ ಅಂಕಿಗಳನ್ನು ಕಂಡು ಒಪ್ಪಿದನು. ಬ್ಯಾಂಕಿನ ಗೆಳೆಯರ ಮನೆಗೆ ನಾವೇ ಹೋಗಿ ಕಾಗದವನ್ನು ಮುಂದಿಟ್ಟೆವು. ಅವರು 0.07 ಎಂಬುದನ್ನು ಬಹಳ ಹೊತ್ತು ನೋಡಿ, “ನನ್ನ ಕೈಗುಣವೇ ಕೆಟ್ಟದ್ದು ಎಂದುಕೊಂಡಿದ್ದೆ, ಮೇಷ್ಟ್ರೇ” ಎಂದರು. ಆ ಭಾನುವಾರ ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದರು.

ಮೇಲಿನ ಲೆಕ್ಕದಲ್ಲಿ ನಾವು ಒಂದು ಅಂಶವನ್ನು ಕೈಬಿಟ್ಟಿದ್ದೇವೆ. ಗುಂಡು ತೂರಿದಾಗಲೆಲ್ಲ ಕವಚದ ಅಂಕವು ಒಂದರಷ್ಟು ಸವೆಯುತ್ತದೆ. ಸಾಧಾರಣನ ಗುಂಡು 11ರ ಕವಚವನ್ನು ತೂರುವ ಸಂಭವ 216ರಲ್ಲಿ 81, ನಾಲ್ಕಂಶದವನದು 216ರಲ್ಲಿ 181. ಆದ್ದರಿಂದ ಕಾದಾಟ ಬೆಳೆದಂತೆ ಇವರಿಬ್ಬರ ನಡುವಣ ಅಂತರವು ಹಿಗ್ಗುವುದೇ, ಕುಗ್ಗುವುದೇ? ಸವೆದ ಕವಚವು ದುರ್ಬಲನಿಗೂ ದಾರಿಯನ್ನು ತೆರೆಯುತ್ತದೆಂಬುದನ್ನು ಮರೆಯದೆ, 40 ಪ್ರಾಣಾಂಶಗಳುಳ್ಳ ಶತ್ರುವೊಬ್ಬನನ್ನು ಕಲ್ಪಿಸಿಕೊಂಡು, ವಾಚಕರು ಮೂರು ದಾಳಗಳನ್ನು ಉರುಳಿಸಿ ಪರೀಕ್ಷಿಸಬಹುದು.