ದೂರದ ಆಪ್ತಸಲಹೆ

ಚಿಂತೆಗೂ ಚಿತೆಗೂ ನಡುವೆ ಇರುವುದು ಒಂದು ಸೊನ್ನೆಯ ಅಂತರವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಚಿಂತೆಯು ಕೇವಲ ಮನಸ್ಸಿನ ವ್ಯಾಪಾರವಲ್ಲ, ದೇಹವನ್ನೂ ದಹಿಸುವಂತಹುದು ಎಂಬುದು ಈ ಮಾತಿನ ಇಂಗಿತ. ವಿಜ್ಞಾನವು ಇದನ್ನು ತನ್ನದೇ ಆದ ರೀತಿಯಲ್ಲಿ ಪರೀಕ್ಷಿಸಿ ನೋಡಿದೆ.

1915ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಎಂಬಾತನು ಭಯ, ಕೋಪಗಳ ಕಾಲದಲ್ಲಿ ದೇಹದಲ್ಲಾಗುವ ಮಾರ್ಪಾಡುಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅಪಾಯವು ಎದುರಾದೊಡನೆ, ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಎದೆಬಡಿತ ತೀವ್ರವಾಗುತ್ತದೆ, ಉಸಿರು ಬಿರುಸಾಗುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಹೋರಾಡಲು ಅಥವಾ ಓಡಲು ದೇಹವು ನಡೆಸುವ ಸಿದ್ಧತೆಯಿದು. ಹುಲಿಯನ್ನು ಕಂಡು ಓಡಿದವನಲ್ಲಿ, ಅಪಾಯ ಕಳೆದ ಮೇಲೆ ಈ ಸಿದ್ಧತೆ ಅಡಗುತ್ತದೆ. ಆದರೆ ತೀರದ ಸಾಲ, ನಿಶ್ಚಯವಿಲ್ಲದ ನೌಕರಿ, ಮನೆಯ ಕಲಹ ಇವುಗಳಿಂದ ಓಡುವುದೆಲ್ಲಿಗೆ? ಇಲ್ಲಿ ಉದ್ವೇಗವು ತಿಂಗಳುಗಟ್ಟಲೆ ಉಳಿದು ನಿದ್ರೆ, ಹಸಿವು, ಏಕಾಗ್ರತೆಗಳನ್ನು ಕೆಡಿಸುತ್ತದೆ.

ದುಃಖದ ಪ್ರಸಂಗಗಳಿಂದ ಮಾತ್ರವೇ ಹೀಗಾಗುತ್ತದೆಂದು ತಿಳಿಯಬಾರದು. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ವೈದ್ಯರು ಬಾಳಿನ 43 ಬದಲಾವಣೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಹೊಂದಿಕೊಳ್ಳಲು ಬೇಕಾಗುವ ಶ್ರಮಕ್ಕೆ ತಕ್ಕಂತೆ ಒಂದೊಂದಕ್ಕೂ ಅಂಕಗಳನ್ನು ಕೊಟ್ಟರು. ಬಾಳಸಂಗಾತಿಯ ಮರಣಕ್ಕೆ 100, ವಿವಾಹಕ್ಕೆ 50, ನಿವೃತ್ತಿಗೆ 45, ವಾಸಸ್ಥಳದ ಬದಲಾವಣೆಗೆ 20. ಒಬ್ಬೊಬ್ಬರ ಸ್ವಭಾವ ಒಂದೊಂದು ಬಗೆಯಾದುದರಿಂದ ಈ ಅಂಕಗಳನ್ನು ತಕ್ಕಡಿಯ ತೂಕದಂತೆ ಎಣಿಸಲಾಗದು. ಆದರೂ ಮಂಗಳಕಾರ್ಯವೂ ಮನಸ್ಸಿಗೆ ಹೊರೆಯಾಗಬಲ್ಲುದೆಂಬುದು ಇದರಿಂದ ಗಮನಕ್ಕೆ ಬಂದಿತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹಾಸನದ ಕಡೆಯ ಉಪಾಧ್ಯಾಯರೊಬ್ಬರು ನಿವೃತ್ತರಾಗಿ, ಮಗನೊಡನೆ ವಾಸಿಸಲು ಪುಣೆಗೆ ಹೋಗಿದ್ದಾರೆ. ಅನ್ನ ವಸತಿಗಳಿಗೆ ಕೊರತೆಯಿಲ್ಲ. ಆದರೆ ಮಾತನಾಡಲು ನೆರೆಯವರಿಲ್ಲ, ರಾತ್ರಿ ನಿದ್ರೆಯಿಲ್ಲ, 'ನಾನಿನ್ನು ಯಾರಿಗೂ ಬೇಡವಾದೆ' ಎಂಬ ಯೋಚನೆ ಬೆನ್ನುಬಿಡದು. ಮನೆಯವರು 'ಸುಮ್ಮನೆ ಯೋಚನೆ ಮಾಡಬೇಡಿ' ಎನ್ನುತ್ತಾರೆ. ಆಪ್ತಸಲಹೆಗಾರರು ಹಾಗೆನ್ನುವುದಿಲ್ಲ. ಮೊದಲು ಅವರು ಕೇಳುತ್ತಾರೆ. ಬಳಿಕ, ಆ ಯೋಚನೆ ಯಾವ ಹೊತ್ತಿನಲ್ಲಿ, ಯಾವ ಸಂದರ್ಭದಲ್ಲಿ ಬರುತ್ತದೆಂಬುದನ್ನು ಬರೆದಿಡಲು ಹೇಳುತ್ತಾರೆ. ಅದನ್ನು ಸಮರ್ಥಿಸುವ ಸಂಗತಿಗಳಾವುವು, ಅಲ್ಲಗಳೆಯುವ ಸಂಗತಿಗಳಾವುವು ಎಂಬುದನ್ನು ಇಬ್ಬರೂ ಸೇರಿ ಪರಿಶೀಲಿಸುತ್ತಾರೆ. ಲೆಕ್ಕ ಹೇಳಿಸಿಕೊಳ್ಳಲು ಮೊಮ್ಮಗನು ದಿನವೂ ತಮ್ಮ ಬಳಿಗೇ ಬರುವುದು ಆಗ ಉಪಾಧ್ಯಾಯರಿಗೆ ನೆನಪಾದೀತು. ಅನಂತರ ಬೆಳಗಿನ ನಡಿಗೆ, ವಾರಕ್ಕೊಮ್ಮೆ ಸಮವಯಸ್ಕರ ಭೇಟಿ, ಹೀಗೆ ಕೈಗೆಟುಕುವ ಕೆಲಸಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ. ಯೋಚನೆಯನ್ನು ಹೀಗೆ ಒರೆಗೆ ಹಚ್ಚುವ ಚಿಕಿತ್ಸಾಕ್ರಮವನ್ನು 1960ರ ದಶಕದಲ್ಲಿ ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯನು ರೂಪಿಸಿದನು.

ಈ ಕಾರ್ಯಕ್ಕೆ ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತಿರಬೇಕೆ? 1953ರಲ್ಲಿಯೇ ಲಂಡನ್ನಿನ ಪಾದ್ರಿ ಚಾಡ್ ವರಾ, ಬದುಕು ಬೇಡವಾದವರ ಅಳಲನ್ನು ದೂರವಾಣಿಯಲ್ಲಿ ಕೇಳುವ ವ್ಯವಸ್ಥೆಯನ್ನು ಆರಂಭಿಸಿದನು. ಈಗ ಅಂತರ್ಜಾಲದ ಮೂಲಕ ಪರಸ್ಪರ ಮುಖ ನೋಡುತ್ತಲೇ ಮಾತನಾಡಬಹುದು. ಸೌಮ್ಯ ಹಾಗೂ ಮಧ್ಯಮ ಪ್ರಮಾಣದ ಆತಂಕ, ಖಿನ್ನತೆಗಳಲ್ಲಿ, ತರಬೇತಿ ಪಡೆದವರು ಹೀಗೆ ದೂರದಿಂದ ನಡೆಸಿದ ಚಿಕಿತ್ಸೆಯು ಎದುರಿಗೆ ಕುಳಿತು ನಡೆಸಿದ ಚಿಕಿತ್ಸೆಗೆ ಬಹುಮಟ್ಟಿಗೆ ಸಮನಾದ ಫಲವನ್ನು ಕೊಡುತ್ತದೆಂದು ಅನೇಕ ಪ್ರಯೋಗಗಳು ತೋರಿಸಿವೆ. ನಮ್ಮ ಉಪಾಧ್ಯಾಯರಿಗಂತೂ ಇನ್ನೊಂದು ಲಾಭವುಂಟು: ಪುಣೆಯಲ್ಲಿದ್ದೂ ಕನ್ನಡದಲ್ಲಿಯೇ ಮನಸ್ಸನ್ನು ತೋಡಿಕೊಳ್ಳಬಹುದು. ಪರಭಾಷೆಯಲ್ಲಿ ವ್ಯವಹಾರ ನಡೆಸಬಹುದಾದರೂ ನೋವನ್ನು ಹೇಳಿಕೊಳ್ಳಲು ಮನೆಮಾತೇ ಬೇಕಾಗುತ್ತದೆ.

ಭಾರತದಲ್ಲಿ 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಎಂಬ ಸರ್ಕಾರಿ ಸೇವೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತಮಗೊಪ್ಪುವುದನ್ನು ಆರಿಸಿಕೊಂಡು ಮಾತನಾಡಬಹುದು.

ಆದರೆ ದೂರದ ಸಲಹೆಗೆ ಮಿತಿಗಳೂ ಇವೆ. ಎದೆಬಡಿತ, ತೂಕದ ಇಳಿತ, ನಿದ್ರಾನಾಶಗಳಿಗೆ ಥೈರಾಯಿಡ್ ಗ್ರಂಥಿಯ ಅತಿಸ್ರಾವವೂ ಕಾರಣವಾಗಿರಬಹುದು. ಅದನ್ನು ರಕ್ತಪರೀಕ್ಷೆಯಿಂದಲೇ ತಿಳಿಯಬೇಕು. ಪ್ರಾಣ ಕಳೆದುಕೊಳ್ಳಲು ಹವಣಿಸುವವರನ್ನು, ಇಲ್ಲದ ದನಿಗಳನ್ನು ಕೇಳುವವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನು ಸಲಹೆಗಾರರ ಶಿಕ್ಷಣವೇನು, ಹೇಳಿದ ಮಾತು ಗುಟ್ಟಾಗಿ ಉಳಿಯುವುದೆ, ತುರ್ತಿನಲ್ಲಿ ಯಾರನ್ನು ಕಾಣಬೇಕು ಎಂಬ ಮೂರನ್ನು ಮೊದಲೇ ಕೇಳಿ ತಿಳಿಯಬೇಕು. ಮನೆಮಂದಿಯ ಕಿವಿಗೆ ಬೀಳದಂತೆ ಮಾತನಾಡಲು ಒಂದು ಸ್ಥಳವೂ ಬೇಕು.

ಎರಡು ವಾರ ಕಳೆದರೂ ನಿದ್ರೆ ಬಾರದೆ, ನಿತ್ಯದ ಕೆಲಸ ಸಾಗದೆ ಇದ್ದರೆ, ತಾನಾಗಿ ಹೋದೀತೆಂದು ಕಾಯುವುದು ಜಾಣತನವಲ್ಲ. ಕೇಳುವವರು ದೂರದ ಊರಿನಲ್ಲಿದ್ದರೂ ಸರಿಯೆ, ಹೇಳಿಕೊಳ್ಳಲು ತೊಡಗಬೇಕು.