ಟ್ರಾಕ್ಟರ್ ಮೀಟರಿನ ಸುಳ್ಳನ್ನು ಟ್ಯೂಬ್ ಲೈಟ್ ಹಿಡಿದ ಕಥೆ



ಕಾರು, ಟ್ರಾಕ್ಟರುಗಳಲ್ಲಿ ಸ್ಟೇರಿಂಗ್ ಹಿಂದೆ ಒಂದು ಮುಳ್ಳಿನ ಮೀಟರ್ ಇರುತ್ತೆ, ನೀವೂ ನೋಡಿರುತ್ತೀರಿ. ಇಂಜಿನ್ ಒಂದು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ ಎಂದು ಅದು ತೋರಿಸುತ್ತದೆ. ಅದಕ್ಕೆ ಆರ್‌ಪಿಎಂ ಮೀಟರ್ ಅಂತಾರೆ. ಆ ಮೀಟರೇ ತಪ್ಪು ತೋರಿಸಿದರೆ ನಮಗೆ ಗೊತ್ತಾಗೋದು ಹೇಗೆ?

ನಮ್ಮ ಅಪ್ಪ ಟ್ರಾಕ್ಟರಿಗೆ ರಾಗಿ ಒಕ್ಕಣೆ ಮಿಷನ್ ಕಟ್ಟಿಕೊಂಡು ಬಾಡಿಗೆಗೆ ಹೋಗ್ತಾರೆ. ಮಿಷನ್ನನ್ನು ತಿರುಗಿಸೋದು ಟ್ರಾಕ್ಟರಿನ ಹಿಂದಿರುವ ಪಿಟಿಒ ಶಾಫ್ಟು. ಅದು ನಿಮಿಷಕ್ಕೆ 540 ಸುತ್ತು ಸುತ್ತಬೇಕು. ನಮ್ಮ ಟ್ರಾಕ್ಟರಿನ ಪುಸ್ತಕದ ಪ್ರಕಾರ ಇಂಜಿನ್ 1500 ಸುತ್ತಿದರೆ ಶಾಫ್ಟು 540 ಸುತ್ತುತ್ತದೆ. ಅಪ್ಪ ಮುಳ್ಳನ್ನು ಸರಿಯಾಗಿ 1500ಕ್ಕೇ ನಿಲ್ಲಿಸ್ತಿದ್ದರು. ಆದರೂ ಈ ಸಲ ಪಕ್ಕದ ಬೀದಿ ಅಜ್ಜಿ ಹೊಟ್ಟನ್ನು ಮೊರಕ್ಕೆ ಹಾಕಿ ಕೇರಿ, ಐದು ಸೇರು ರಾಗಿ ತೆಗೆದು ತಂದು ನಮ್ಮ ಜಗಲಿ ಮೇಲೆ ಇಟ್ಟರು. “ಏನಪ್ಪಾ, ನಿನ್ನ ಮಿಷನ್ನು ರಾಗಿಯನ್ನ ಹೊಟ್ಟಿಗೆ ಊದ್ತದಲ್ಲ, ವರ್ಷದ ಅನ್ನ ಅಲ್ವಾ ಇದು?” ಅಂದರು. ಅಪ್ಪ “ಮೀಟರ್ ಸರಿಯಾಗೇ ಇಟ್ಟಿದ್ದೆ ಅಜ್ಜಿ” ಅಂದರೂ ಅವರು ನಂಬಲಿಲ್ಲ. ಅವತ್ತು ಅಪ್ಪ ಸರಿಯಾಗಿ ಊಟ ಮಾಡಲಿಲ್ಲ.

ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು, “ನಿಮ್ಮನೇಲಿ ಹಳೇ ಚೋಕಿನ ಟ್ಯೂಬ್ ಲೈಟ್ ಇದೆಯೇನೋ?” ಅಂದರು. ದನದ ಕೊಟ್ಟಿಗೆಯಲ್ಲಿತ್ತು.

ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಹಿಂದೆ ಹರಿದಾಗ ಒಂದು ಸಲ, ಮುಂದೆ ಹರಿದಾಗ ಒಂದು ಸಲ ಟ್ಯೂಬ್ ಲೈಟ್ ಹೊಳೆಯುತ್ತದೆ. ಅಂದರೆ ಸೆಕೆಂಡಿಗೆ 100 ಮಿಣುಕು. ನಮ್ಮ ಕಣ್ಣಿಗೆ ಮಾತ್ರ ಅದು ಒಂದೇ ಸಮನೆ ಉರಿದಂತೆ ಕಾಣುತ್ತದೆ. ಇಂಜಿನ್ನು ನಿಮಿಷಕ್ಕೆ 1500 ಅಂದರೆ ಸೆಕೆಂಡಿಗೆ 25 ಸುತ್ತು. ಆಗ ಒಂದು ಮಿಣುಕಿನಿಂದ ಇನ್ನೊಂದು ಮಿಣುಕಿಗೆ ಅದು ಕಾಲು ಸುತ್ತು ಸುತ್ತಿರುತ್ತದೆ. ಇಂಜಿನ್ ಮುಂದಿನ ಪುಲ್ಲಿಯ ಮೇಲೆ ಸಮದೂರದಲ್ಲಿ ನಾಲ್ಕು ಬಿಳಿ ಗೆರೆ ಎಳೆದರೆ, ಪ್ರತಿ ಮಿಣುಕಿಗೂ ಒಂದು ಗೆರೆಯ ಜಾಗಕ್ಕೆ ಇನ್ನೊಂದು ಗೆರೆ ಬಂದು ನಿಲ್ಲುತ್ತದೆ. ಪುಲ್ಲಿ ನಿಂತೇ ಹೋದಂತೆ ಕಾಣುತ್ತದೆ!

ದುಂಡಗೆ ಕತ್ತರಿಸಿದ ಕಾಗದವನ್ನು ಎರಡು ಸಲ ಮಡಿಸಿ ಬಿಚ್ಚಿದರೆ ನಾಲ್ಕು ಗುರುತು ಸಿಗುತ್ತವೆ. ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಅಪ್ಪನೇ ಅದನ್ನು ನೋಡಿ ಬಿಳಿ ಪೇಂಟಿನಲ್ಲಿ ಗೆರೆ ಎಳೆದರು. ಕತ್ತಲಾದ ಮೇಲೆ ಟ್ಯೂಬ್ ಲೈಟನ್ನು ಹತ್ತಿರ ಕಟ್ಟಿ ಇಂಜಿನ್ ಚಾಲೂ ಮಾಡಿದೆವು. ನಾನು ನಾಲ್ಕು ಮಾರು ದೂರ ನಿಂತಿದ್ದೆ. ಇದನ್ನು ನೀವು ಮರೆಯಬೇಡಿ. ಪುಲ್ಲಿ ನಿಂತಂತೆ ಕಾಣುತ್ತೆ, ನಿಂತಿರಲ್ಲ. ಕೈ ಇಟ್ಟರೆ ಬೆರಳು ಹೋಗುತ್ತೆ.

ಮೊದಲು ಎಂಟು ಗೆರೆ ಕಾಣಿಸಿತು! ಅಪ್ಪ ನಾಲ್ಕೇ ಎಳೆದಿದ್ದು. ನನಗೆ ಗಾಬರಿಯಾಯ್ತು. ಆಮೇಲೆ ಲೆಕ್ಕ ಹಾಕಿದೆ. ಇಂಜಿನ್ ಸುಮ್ಮನೆ ಉರಿಯುವಾಗ 750ರ ಹತ್ತಿರ ಇರುತ್ತೆ. ಆಗ ಒಂದು ಮಿಣುಕಿಗೆ ಅರೆಕಾಲು ಸುತ್ತು, ಅಂದರೆ ಎಂಟನೇ ಒಂದು ಭಾಗ. ಅದಕ್ಕೇ ಗೆರೆಗಳ ನಡುವೆಯೂ ಗೆರೆ ಕಂಡಿದ್ದು. ಅಪ್ಪ ಕೈ ಆಕ್ಸಿಲರೇಟರನ್ನು ನಿಧಾನವಾಗಿ ಏರಿಸಿದರು. ಗೆರೆಗಳು ಕಲೆಸಿಹೋಗಿ, ಆಮೇಲೆ ನಾಲ್ಕಾಗಿ ಹಿಂದಕ್ಕೆ ತಿರುಗಿದಂತೆ ಕಂಡು, ತೆವಳುತ್ತಾ ತೆವಳುತ್ತಾ ಗಪ್ ಎಂದು ನಿಂತವು. “ಅಪ್ಪಾ, ಮುಳ್ಳು ಎಲ್ಲಿದೆ?” ಅಂತ ಕೂಗಿದೆ. 1300ರಲ್ಲಿತ್ತು! (3000ದಲ್ಲಿಯೂ ನಾಲ್ಕೇ ಗೆರೆ ನಿಲ್ಲುತ್ತವೆ. ಕಾರಿನಲ್ಲಾದರೆ ಕೆಳಗಿನಿಂದ ಏರಿಸುತ್ತಾ, ಮೊದಲ ಸಲ ನಾಲ್ಕು ಗೆರೆ ನಿಂತಿದ್ದನ್ನೇ ಹಿಡಿಯಬೇಕು.)

ಕರೆಂಟನ್ನು ಎಷ್ಟು ನಂಬಬಹುದು ಅಂತ ನನಗೂ ಅನುಮಾನ ಬಂತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ನಮ್ಮ ದಕ್ಷಿಣದ ಜಾಲ ಇಡೀ ದೇಶದ ಜಾಲಕ್ಕೆ ಸೇರಿತು. ಈಗ ಆವರ್ತ 49.90 ಮತ್ತು 50.05ರ ನಡುವೆ ಇರಬೇಕೆಂದು ನಿಯಮವಿದೆ. ಆ ಮಿತಿಯೊಳಗೆ ನಮ್ಮ 1500ರಲ್ಲಿ ಮೂರು ಸುತ್ತಿಗಿಂತ ಹೆಚ್ಚು ತಪ್ಪಾಗದು. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಜಿಲ್ಲೆಯ ಚಿನ್ನದ ಗಣಿಗೆ ಬಂದ ಕರೆಂಟು 25 ಆವರ್ತದ್ದು. ಅದರಲ್ಲಾದರೆ ಎರಡೇ ಗೆರೆ ಸಾಕಾಗುತ್ತಿತ್ತು. ಆಗ ಟ್ಯೂಬ್ ಲೈಟೇ ಇರಲಿಲ್ಲ ಬಿಡಿ. ಎಲ್‌ಇಡಿ ಬಲ್ಬು, ಎಲೆಕ್ಟ್ರಾನಿಕ್ ಚೋಕಿನ ಟ್ಯೂಬು ಈ ಕೆಲಸಕ್ಕೆ ನೆಚ್ಚಿಕೊಳ್ಳುವಂಥವಲ್ಲ.

ಮೀಟರ್ ಯಾಕೆ ಕಡಿಮೆ ತೋರಿಸಿತು? ನಮ್ಮದು ಕೇಬಲ್ ಮೀಟರ್. ಒಳಗೆ ಒಂದು ಆಯಸ್ಕಾಂತ ಸುತ್ತುತ್ತದೆ. ಅದು ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ತನ್ನ ಜೊತೆ ಎಳೆಯುತ್ತದೆ, ಸಣ್ಣ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ಆಯಸ್ಕಾಂತ ಹಳತಾಗಿ ಸೊರಗಿದೆ ಎಂದು ಮೆಕ್ಯಾನಿಕ್ ಅಣ್ಣ ಹೇಳಿದರು. ಈಚಿನ ಪೆಟ್ರೋಲ್ ಕಾರುಗಳ ಮೀಟರು ಬೇರೆ ಥರ, ಅದು ಇಂಜಿನ್ನಿನಿಂದ ಬರುವ ಸಂಕೇತಗಳನ್ನು ಎಣಿಸುತ್ತದೆ.

ಇನ್ನು ತ್ರೈರಾಶಿ. ಮುಳ್ಳು 1300 ಅಂದರೆ ನಿಜ 1500. ಹಾಗಾದರೆ ಮುಳ್ಳು 1500 ಇದ್ದಾಗ ನಿಜ ಎಷ್ಟು? 1500 × 1500 ÷ 1300 = ಸುಮಾರು 1731. ಆಗ ಶಾಫ್ಟು 540ರ ಬದಲು 623 ಸುತ್ತುತ್ತಿತ್ತು. ಫ್ಯಾನಿನ ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ, ಅಂದರೆ ಮೂರನೇ ಒಂದು ಭಾಗ ಜಾಸ್ತಿ. ಪಾಪ, ರಾಗಿ ಕಾಳು ಎಷ್ಟು ಹಗುರ!

ಹೊಸ ಮೀಟರ್ ಆಮೇಲೆ ನೋಡೋಣ ಅಂತ ಅಪ್ಪ ಅಕ್ಕನ ನೈಲ್ ಪಾಲಿಷ್ ತಗೊಂಡು ಗಾಜಿನ ಮೇಲೆ 1300ರ ಎದುರಿಗೆ ಕೆಂಪು ಗೆರೆ ಎಳೆದರು. ಓರೆಯಾಗಿ ನೋಡಿದರೆ ಗೆರೆ ಸರಿದಂತೆ ಕಾಣುತ್ತೆ, ನೇರವಾಗಿ ಕೂತು ನೋಡಬೇಕು.

ಅಜ್ಜಿಯ ಇನ್ನೊಂದು ಮೆದೆ ಬಾಕಿ ಇತ್ತು. ಅಪ್ಪ ಹೋಗಿ ನಡೆದದ್ದನ್ನೆಲ್ಲ ಹೇಳಿ, “ತಪ್ಪು ನಂದೇ ಅಜ್ಜಿ” ಅಂದರು. ಕೆಂಪು ಗೆರೆಗೆ ಮುಳ್ಳು ಇಟ್ಟು ಒಕ್ಕಿದೆವು. ಅಜ್ಜಿ ಸುಮ್ಮನಿರಲಿಲ್ಲ, ಮೊರ ತಂದು ಹೊಟ್ಟು ಕೇರಿಯೇ ಕೇರಿದರು. ಒಂದು ಹಿಡಿ ರಾಗಿಯೂ ಬರಲಿಲ್ಲ. ಮೊದಲ ದಿನದ ಬಾಡಿಗೆಯನ್ನು ಅಪ್ಪ ತಗೊಳ್ಳಲಿಲ್ಲ.